ಮಾರು

ನಾನು ಲಾಂಚಿನ ಟಿಕೆಟ್ಟಿನವನು. ಹೊಳೆಬಾಗಿಲಿನಿಂದ ಆಚೆ ದಡ,
ಆಚೆ ದಡದಿಂದ ಹೊಳೆಬಾಗಿಲು,
ಇಪ್ಪತ್ತಾರು ವರ್ಷದ ಸರ್ವೀಸು.
ಘಟ್ಟ ಇಳಿದು ಸಮುದ್ರ ನೋಡಿದವನಲ್ಲ.

ಅವರು ಬಂದದ್ದು ಬೇಸಿಗೆಯಲ್ಲಿ, ನೀರಿಳಿದು
ಮುಳುಗಿದ ಮರಗಳ ಬೊಡ್ಡೆ ಹಲ್ಲು ಕಿಸಿಯುವ ಹೊತ್ತಿಗೆ.
ಸೇತುವೆಯ ಕಂಬಗಳು ಆಗಲೇ ಅರ್ಧ ಹೊಳೆ ದಾಟಿದ್ದವು.
ಕೈಯಲ್ಲೊಂದು ಗೋಣಿಚೀಲ. ನೆಟ್ಟಗೆ ನಿಂತ ರೀತಿ ನೋಡಿ
ಮಿಲಿಟ್ರಿ ಸಾಹೇಬ್ರು ಅಂದೆವು.
'ಮಿಲಿಟ್ರಿ ಅಲ್ಲ, ನೇವಿ.'
'ಹೌದೌದು, ಸಮುದ್ರದ ಮಿಲಿಟ್ರಿ' ಅಂದ ಶಬ್ಬೀರ, ಚಕ್ರ ಬಿಡದೆ.
ನಕ್ಕು ಸೋಲೊಪ್ಪಿದರು.

ರಿಯರ್ ಅಡ್ಮಿರಲ್ ಚೌಡಪ್ಪ, ನಿವೃತ್ತ.
ಹಡಗಿನ ಮೆಸ್ಸಿನಲ್ಲಿ ಪಂಜಾಬಿಗಳು, ಮಲಯಾಳಿಗಳು
ಹೆಸರು ಮೊಟಕಿಸಿ ಚೌಡಿ ಅನ್ನುತ್ತಿದ್ದರಂತೆ.
ನಮ್ಮಲ್ಲಿ ಚೌಡಿ ಗಡಿ ಕಾಯುವವಳು,
ವರ್ಷಕ್ಕೊಂದು ಕೋಳಿ ಕೇಳುವವಳು ಎಂದು
ಮೂವತ್ತೇಳು ವರ್ಷ ಯಾರಿಗೂ ಬಾಯಿ ಬಿಡಲಿಲ್ಲ.
'ಸಂಬಳ ಕೋಳಿಗಿಂತ ಜಾಸ್ತಿ ಇತ್ತು' ಅಂದರು.

ಫಿರಂಗಿ ಹಾರಿಸಿದ್ದೀರಾ ಅಂತ ಕೇಳಿದೆ.
ಇಲ್ಲವಂತೆ. ಅವರದು ಅಳೆಯುವ ಹಡಗು.
ಅಂಡಮಾನಿನ ಆಚೆ, ಲಕ್ಷದ್ವೀಪದ ಸುತ್ತ
ನೇಗಿಲ ಸಾಲಿನ ಹಾಗೆ ಹೋಗುವುದು, ತಿರುಗುವುದು, ಬರುವುದು;
ಕೆಳಗೆಷ್ಟು ಆಳವೆಂದು ನಕಾಶೆಯಲ್ಲಿ ಅಂಕಿ ಹಾಕುವುದು.
'ನಿನ್ನ ಲಾಂಚಿನ ಹಾಗೇ ಕಣಯ್ಯ. ಟಿಕೆಟ್ಟಿಲ್ಲ, ಅಷ್ಟೆ.'

ಒಂದು ಅಂಕಿ ತಪ್ಪಿತ್ತು.
ಅದನ್ನು ಹೇಳಿದ್ದು ನಡುನೀರಿಗೆ ಬಂದ ಮೇಲೆ.
ಅವರು ಸಹಿ ಹಾಕಿದ ಹಾಳೆ;
ಎರಡು ಸಾಲಿನ ನಡುವೆ ಉಳಿದುಹೋದ ಬಂಡೆ,
ಕೋಣದ ಬೆನ್ನಿನಷ್ಟು.
ಸಿಮೆಂಟು ಹೊತ್ತ ಹಡಗು. ಆರು ಜನ. ನಾಲ್ವರು ಈಜಿದರು.
ವಿಚಾರಣೆ ಅವರನ್ನು ಬಿಟ್ಟಿತು. ಬಡ್ತಿಯೂ ಬಂತು.
'ಅವತ್ತಿನ ಊಟ ಚೆನ್ನಾಗಿತ್ತು' ಅಂದರು,
'ಅದೇ ಮರೆಯೋಕಾಗ್ತಿಲ್ಲ.'

ಗೋಣಿಚೀಲ ಬಿಚ್ಚಿದರು. ಹಗ್ಗ, ತುದಿಗೆ ಸೀಸದ ಗುಂಡು,
ಮಾರಿಗೊಂದು ಗಂಟು.
'ಇಂಗ್ಲಿಷರ ಫ್ಯಾದಮ್ ಅಂದರೆ ಬೇರೇನಲ್ಲ, ಮಾರು.'
ಎರಡೂ ಕೈ ಚಾಚಿದರು; ಬಸ್ಸಿನ ಕಂಡಕ್ಟರು ಹಿಂದೆ ಸರಿದ.
'ಕ್ಲಾಸಿನಲ್ಲಿ ಹೇಳಿಕೊಟ್ಟಾಗ ನಗು ಬಂತು.
ಅವ್ವ ಬಾವಿಹಗ್ಗ ಅಳೀತಿದ್ದದ್ದು ಹೀಗೇ, ಎದೆಗೆ ತಾಗಿಸಿ.
ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ.'

ಡ್ಯಾಮು ತುಂಬಿದ ವರ್ಷ ಅವರಿಗೆ ಒಂಬತ್ತು.
ಶಾಲೆ ಇಲ್ಲೇ ಎಲ್ಲೋ ಇತ್ತು ಅಂತಾರೆ, ಅಂದೆ.
'ಎಲ್ಲೋ' ಅವರಿಗೆ ಹಿಡಿಸಲಿಲ್ಲ.
ಆಚೆ ಗುಡ್ಡದ ನೆತ್ತಿ, ಈಚೆ ಗುಡ್ಡದ ಬೋಳು,
ಬೆರಳು ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿ
'ಇಲ್ಲಿ' ಅಂದರು. ಶಬ್ಬೀರ ಎಂಜಿನ್ನು ನಿಲ್ಲಿಸಿದ.

ಗುಂಡಿನ ತಳದ ಗುಳಿಗೆ ಬಟ್ಟೆಸೋಪು ಮೆತ್ತಿ,
ನೆಲ ಅಂಟಬೇಕಲ್ಲ,
ಇಳಿಬಿಟ್ಟರು. ತುಟಿ ಅಲುಗುತ್ತಿತ್ತು
ಮಗ್ಗಿ ಒಪ್ಪಿಸುವವರ ಹಾಗೆ.
ಹನ್ನೊಂದಕ್ಕೆ ಹಗ್ಗ ಸಡಿಲಾಯಿತು.
ಎತ್ತಿದರೆ ಸೋಪಿನ ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆಯ ಹರಳೊಂದು.
ಶಾಲೆಯದೋ, ದಾರಿಯದೋ, ಯಾರ ಕೊಟ್ಟಿಗೆಯದೋ.

'ಬರಕೋ.'
ಅದು ಹಡಗಿನ ದನಿ. ಕೈಗೆ ಸಿಕ್ಕಿದ್ದು ಟಿಕೆಟ್ ಪುಸ್ತಕ;
ಒಂದನ್ನು ಹರಿದು ಬೆನ್ನಿಗೆ ಬರೆದೆ:
ಹನ್ನೊಂದು ಮಾರು. ಕೆಂಪು ಮಣ್ಣು.

'ಇನ್ನೊಮ್ಮೆ.'
ಬಸ್ಸಿನ ಡ್ರೈವರು ಹಾರನ್ನು ಒತ್ತಿದ. ಯಾರದೋ ಮಗು ಅತ್ತಿತು.
'ಒಂದೇ ಸಲದ್ದನ್ನು ನಂಬಬಾರದು' ಅಂದರು ನನಗಲ್ಲ, ನೀರಿಗೆ.
ಎರಡನೆಯ ಸಲ ಹತ್ತೂವರೆ.
ಇಬ್ಬರೂ ಎಣಿಸಿದ್ದೆವು. ಎರಡನ್ನೂ ಬರಿ ಅಂದರು.
ಬರೆದೆ.

ಈಗ ಬಸ್ಸು ಮೇಲಿಂದ ಹೋಗುತ್ತದೆ,
ಪೂಜೆಯ ಕಾಯಿ ಮಡಿಲಲ್ಲಿಟ್ಟ ಜನ ಕಿಟಕಿಯಲ್ಲಿ ನಿದ್ದೆ ಮಾಡುತ್ತಾರೆ.
ನನ್ನನ್ನು ಆಫೀಸಿಗೆ ಹಾಕಿದ್ದಾರೆ. ಚೀಟಿ ನನ್ನ ಹತ್ತಿರ ಇದೆ.
ಅದು ಮಾರದ ಟಿಕೆಟ್ಟು; ಲೆಕ್ಕ ತಾಳೆಯಾಗಬೇಕಲ್ಲ,
ಅದರ ದುಡ್ಡು ಅವತ್ತೇ ಸಂಜೆ
ನನ್ನ ಕೈಯಿಂದ ಕಟ್ಟಿದ್ದೇನೆ.